ಹ್ಯಾರಿ ಡೀನ್ ಸ್ಟ್ಯಾಂಟನ್: ಸಣ್ಣ ಪಾತ್ರದ ನಟರಿಗೆ ಯಾವ ದೃಶ್ಯ ತೋರಿಸಬೇಕು?

ಸಾಧನಕೇರಿ_ರಂಗ (ಧಾರವಾಡ):
ನಮ್ಮ ಹವ್ಯಾಸಿ ತಂಡದಾಗ ಸಣ್ಣ ಪಾತ್ರ ಮಾಡೋ ಹುಡುಗರಿಗೆ ಒಂದು ಸಂಜೆ ಪಾಠ ಇಟ್ಟೀವಿ. ಎರಡು ತಾಸು ಸಿಗತೈತಿ. ಅಮೆರಿಕದ ನಟ ಸ್ಟ್ಯಾಂಟನ್ ಅವರ ಸಿನಿಮಾ ‘ಪ್ಯಾರಿಸ್, ಟೆಕ್ಸಾಸ್’ನಿಂದ ಸುರು ಮಾಡಿದ್ರ ಹೆಂಗ? ಟಿವಿ ಕೆಲಸಾನೂ ತೋರಿಸಬೇಕೇನ್ರಿ?

ಗದಗ_ಪ್ರೇಕ್ಷಕ:
ಅದರಿಂದ ಸುರು ಮಾಡಬ್ಯಾಡ್ರಿ. 1984ರ ಆ ಸಿನಿಮಾದಾಗ ನಾಯಕ ಆದಾಗ ಅವರಿಗೆ 57 ವರ್ಷ. ಅದಕ್ಕೂ ಮುಂಚಿನ ಇಪ್ಪತ್ತೈದು ವರ್ಷಕ್ಕ ಮಿಕ್ಕಿದ ದುಡಿಮೆ ಎಲ್ಲಾ ಸಣ್ಣ ಪಾತ್ರದ್ದ. ‘ಗನ್‌ಸ್ಮೋಕ್’ ಟಿವಿ ಸರಣಿಯೊಳಗ ಬ್ಯಾರೆ ಬ್ಯಾರೆ ಕಂತಿಗೆ ಬ್ಯಾರೆ ಬ್ಯಾರೆ ಮನಶಾ ಆಗಿ ಬಂದಾರ. ಮೊದಲಿಗೇ ‘ಪ್ಯಾರಿಸ್, ಟೆಕ್ಸಾಸ್’ನ ನಾಯಕ ಟ್ರಾವಿಸ್‌ನ ಮೌನ ನೋಡಿದ ಹುಡುಗರು, ಸುಮ್ಮನ ನಿಲ್ಲೋದ ಅಭಿನಯ ಅಂತ ತಿಳಕೋತಾರ. ಟ್ರಾವಿಸ್ ಸುಮ್ಮನಿದ್ದರೂ ಎಲ್ಲಿಗೋ ಹೊಂಟಾನ. ನೀರಡಿಕಿ ಆಗಿ ಅಂಗಡಿಯೊಳಗ ಹೋಗಿ ಬರ್ಫ ಬಾಯಿಗೆ ಹಾಕ್ಕೋತಾನ. ಅಂಥಾ ಗುರಿ ಇಲ್ಲದಿದ್ದರ ಮೌನ ರಂಗದ ಮ್ಯಾಲೆ ಸತ್ತುಬಿಡತೈತಿ.

1979ರ ‘ಏಲಿಯನ್’ ತೋರಿಸ್ರಿ. ಬಾಹ್ಯಾಕಾಶ ಹಡಗಿನ ಮೆಕ್ಯಾನಿಕ್ ಬ್ರೆಟ್ (ಸ್ಟ್ಯಾಂಟನ್ ಪಾತ್ರ) ಬೆಕ್ಕು ಹುಡುಕತಾ ಒಬ್ಬನ ಹೊಂಟಿರತಾನ. ಮ್ಯಾಲಿಂದ ನೀರು ಬೀಳತಿರತದ. ಟೋಪಿ ತಗದು ಮುಖ ಒಡ್ಡತಾನ, ಅಷ್ಟ. ಹಡಗಿನೊಳಗ ಅಡಗಿದ ಪ್ರಾಣಿಯ ಅಪಾಯ ನಮಗ ಗೊತ್ತೈತಿ, ಅವಗ ಗೊತ್ತಿಲ್ಲ. ಅಲ್ಲಿ ನಟ ಒಂಚೂರು ಅಂಜಿಕಿ ತೋರಿಸಿದ್ದರೂ ದೃಶ್ಯ ಕೆಡತಿತ್ತು. ನಮ್ಮ ಹುಡುಗರು ಎಡವೋದು ಇಲ್ಲೇ: ಮುಂದಿನ ಪುಟ ಓದಿರತಾರ, ಅದು ಮುಖದಾಗ ಮೊದಲ ಬಂದಬಿಡತೈತಿ.

ಉಣಕಲ್_ದಂಡೆ (ಹುಬ್ಬಳ್ಳಿ):
ನನ್ನ ಆಯ್ಕೆ 1999ರ ‘ದಿ ಸ್ಟ್ರೇಟ್ ಸ್ಟೋರಿ’. ಸ್ಟ್ಯಾಂಟನ್ ಬರುವುದು ಕೊನೆಯ ದೃಶ್ಯಕ್ಕೆ ಮಾತ್ರ, ಆದರೆ ಇಡೀ ಚಿತ್ರ ಅವರತ್ತಲೇ ಸಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಅಮೆರಿಕದ ಅಯೋವಾದಿಂದ ವಿಸ್ಕಾನ್ಸಿನ್‌ವರೆಗೆ ಬಂದ ಆಲ್ವಿನ್‌ಗೂ ಅವನ ಸಹೋದರ ಲೈಲ್‌ಗೂ (ಸ್ಟ್ಯಾಂಟನ್ ಪಾತ್ರ) ಆಗುವ ಭೇಟಿ ಅದು. ಲೈಲ್ ಊರುಗೋಲಿನ ಚೌಕಟ್ಟು ಹಿಡಿದು ಹೊರಬಂದು ಕೂರುತ್ತಾನೆ, ಆ ಯಂತ್ರ ನೋಡುತ್ತಾನೆ, ಆಮೇಲೆ ಒಂದೇ ಪ್ರಶ್ನೆ. ಮೊದಲ ಸಲ ಧ್ವನಿ ಬಂದ್ ಮಾಡಿ ತೋರಿಸಿ; ನೋಟ ಎಲ್ಲೆಲ್ಲಿ ತಿರುಗಿತು ಎಂದು ಹುಡುಗರು ಬರೆದುಕೊಳ್ಳಲಿ. ಎರಡನೆಯ ಸಲ ಧ್ವನಿಯೊಂದಿಗೆ. ಪ್ರಶ್ನೆಗಿಂತ ಮೊದಲೇ ಎಲ್ಲ ಆಗಿಹೋಗಿರುತ್ತದೆ ಎನ್ನುವುದು ಆಗ ಅವರಿಗೇ ಕಾಣುತ್ತದೆ.

ಸಾಧನಕೇರಿ_ರಂಗ:
ಆದರ ಇದೆಲ್ಲ ಕ್ಯಾಮೆರಾದ ಅಭಿನಯ ಅಲ್ಲೇನ್ರಿ? ಸೃಜನಾ ರಂಗಮಂದಿರದ ಹಿಂದಿನ ಸಾಲಿಗೆ ಕಣ್ಣು ಎಲ್ಲಿ ಕಾಣತಾವ?

ಗದಗ_ಪ್ರೇಕ್ಷಕ:
ಖರೇ. ಅದಕ್ಕ ಕಡೀಕ ‘ಪ್ಯಾರಿಸ್, ಟೆಕ್ಸಾಸ್’ನ ಕನ್ನಡಿ ಕೋಣಿ ದೃಶ್ಯ ಇಡ್ರಿ; ನಡುವಿನ ಕನ್ನಡಿಯೊಳಗ ಒಂದ ಕಡಿಯಿಂದ ಮಾತ್ರ ಕಾಣತೈತಿ. ಹೆಂಡತಿಗೆ ಹಳೇ ಕಥಿ ಹೇಳೋಮುಂದ ಟ್ರಾವಿಸ್ ಕುರ್ಚಿ ತಿರುಗಿಸಿ ಬೆನ್ನು ಕೊಟ್ಟು ಕೂಡತಾನ. ಆಕಿಗೆ ಆಂವ ಕಾಣೂದಿಲ್ಲ, ಆದರೂ ಆಕಿ ಮುಖ ನೋಡಿ ಹೇಳಾಕ ಆಗೂದಿಲ್ಲ ಅವಗ. ಈ ಕುರ್ಚಿ ತಿರುಗಿಸೋದು ಕಡೀ ಸಾಲಿಗೂ ಮುಟ್ಟತೈತಿ. ಹುಡುಗರ ಕೈಲೆ ಮಾಡಸ್ರಿ. ಮಾತು ಸುರು ಆದಮ್ಯಾಲೆ ತಿರುಗಿಸಿದ್ರ ಗದ್ದಲ ಆಗತೈತಿ, ಮಾತೂ ನುಂಗಿ ಹೋಗತೈತಿ. ಕುರ್ಚಿ ಮೊದಲು, ಆಮ್ಯಾಲೆ ಮಾತು. ಬೆನ್ನು ತಿರುವಿದಾಗ ದನಿ ಹಿಂದಿನ ಪರದೆಯೊಳಗ ಇಂಗತೈತಿ, ಅದಕ್ಕ ಕುರ್ಚಿ ಪೂರ್ತಿ ಹಿಂದಕ್ಕ ಬ್ಯಾಡ, ಓರೆ ಇಡಸ್ರಿ.

ಉಣಕಲ್_ದಂಡೆ:
ಟಿವಿಗೆ ಸಮಯ ಉಳಿದರೆ 2006ರಲ್ಲಿ ಶುರುವಾದ ‘ಬಿಗ್ ಲವ್’ನ ರೋಮನ್ ಗ್ರಾಂಟ್. ತಾನೇ ಪ್ರವಾದಿ ಎಂದುಕೊಂಡ ಪಂಥದ ಮುಖಂಡ; ದನಿ ಏರಿಸದೆ ಬೆದರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಯಾವುದನ್ನು ತೋರಿಸಿದರೂ ಡಬ್ ಆದ ಪ್ರತಿ ಬೇಡ, ಅವರ ಅರ್ಧ ಕೆಲಸ ಆ ಒಣ ದನಿಯಲ್ಲೇ ಇದೆ. ಸಂಭಾಷಣೆಯ ಕನ್ನಡ ಅರ್ಥ ಒಂದು ಹಾಳೆಯಲ್ಲಿ ಬರೆದು ಮೊದಲೇ ಹಂಚಿಬಿಡಿ.