ಸ್ಕೌಟ್ ದಳ ನಡೆಸೋಕೆ ಒಪ್ಪಿಕೊಂಡಿದ್ದೇನೆ, ಅನುಭವ ಇದ್ದವರು ಹೇಳಿ

ನವನಗರ, ಬಾಗಲಕೋಟೆಯಿಂದ ಕೇಳುತ್ತಿದ್ದೇನೆ

ನಮಸ್ಕಾರ ಎಲ್ಲರಿಗೂ. ನನ್ನ ಮಗ ಏಳನೇ ಕ್ಲಾಸು. ಅವನ ಶಾಲೆಯಲ್ಲಿ ಸ್ಕೌಟ್ ದಳ ನೋಡಿಕೊಳ್ಳುತ್ತಿದ್ದ ಮಾಸ್ತರಿಗೆ ವರ್ಗ ಆಯಿತು. ಅಂದಿನಿಂದ ದಳ ನಿಂತೇ ಹೋಗಿದೆ. ಪಾಲಕರ ಸಭೆಯಲ್ಲಿ ಹೆಡ್‌ಮಾಸ್ಟರು "ನಿಮ್ಮೊಳಗ ಯಾರಾದ್ರೂ ಬರ್ತೀರೇನ್ರಿ?" ಅಂತ ಕೇಳಿದರು. ನಾನು ಕೈ ಎತ್ತಿದೆ. ಮನೆಗೆ ಬಂದ ಮೇಲೆ ಭಯ ಶುರುವಾಗಿದೆ.

ನಾನು ಶಿಕ್ಷಕನಲ್ಲ. ಕೃಷಿ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ಚಿಕ್ಕವನಿದ್ದಾಗ ಸ್ಕೌಟ್‌ನಲ್ಲಿ ಇರಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಪುರುಸೊತ್ತು. ಮಕ್ಕಳು ಸುಮಾರು 30. ವಾರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ತರಬೇತಿ ಬೇಕೇ ಬೇಕಾ? ಕ್ಯಾಂಪ್‌ಗೆ ಕರೆದುಕೊಂಡು ಹೋದಾಗ ಏನಾದರೂ ಆದರೆ ಹೇಗೆ?

ವಿಜಯಪುರದಿಂದ, 14 ವರ್ಷದಿಂದ ಸ್ಕೌಟ್ ಮಾಸ್ಟರ್

ಅಣ್ಣಾರ, ಕೈ ಎತ್ತಿದ್ದು ಒಳ್ಳೆಯದಾಯಿತು. ಇಳಿಸಬೇಡಿ. ನಾನೂ ಶಿಕ್ಷಕನಲ್ಲ, ಪೋಸ್ಟ್ ಆಫೀಸಿನಲ್ಲಿ ಕೆಲಸ. ಮೊದಲ ಸಲ ಕೊರಳಿಗೆ ಸ್ಕಾರ್ಫ್ ಹಾಕಿಕೊಂಡಾಗ ನನಗೆ 34 ವರ್ಷ.

ಮೊದಲು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ನಿಮ್ಮ ಜಿಲ್ಲಾ ಸಂಸ್ಥೆಗೆ ಹೋಗಿ ಬನ್ನಿ. ದಳದ ನೋಂದಣಿ ಜೀವಂತ ಇದೆಯಾ, ಈ ವರ್ಷದ ನವೀಕರಣ ಆಗಿದೆಯಾ ಕೇಳಿ. ನಿಮ್ಮ ಹೆಸರಿನಲ್ಲಿ ನೇಮಕ ಆಗಬೇಕು. ಸುಮ್ನೆ ಹೋಗಿ ಮಕ್ಕಳನ್ನು ಸೇರಿಸಿಕೊಂಡು ಕವಾಯತು ಮಾಡಿಸುವುದು ಬೇಡ.

ತರಬೇತಿ ಬೇಕೇ ಬೇಕು. ಬೇಸಿಕ್ ಕೋರ್ಸ್ 7 ದಿನ, ಅಲ್ಲೇ ಉಳಿದುಕೊಂಡು. ಆಮೇಲೆ ಅಡ್ವಾನ್ಸ್ಡ್, ಅದರ ಮುಂದೆ ಹಿಮಾಲಯ ವುಡ್ ಬ್ಯಾಡ್ಜ್. ನಾನು ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್‌ನಲ್ಲಿ ಮಾಡಿದೆ. ಏಳು ದಿನ ಅಂಗಡಿ ಬಿಟ್ಟು ಹೋಗುವುದು ಕಷ್ಟ, ಗೊತ್ತು. ಆದರೂ ಹೋಗಿ. ಅಲ್ಲಿ ನಿಮ್ಮನ್ನೇ ಸ್ಕೌಟ್ ಮಾಡುತ್ತಾರೆ. ನಿಮ್ಮ ಪಟ್ರೋಲ್‌ನವರ, ಅಂದರೆ ನಿಮ್ಮ ಸಣ್ಣ ಗುಂಪಿನವರ ಜೊತೆ ನೀವೇ ಕಸ ಗುಡಿಸಬೇಕು, ಅಡುಗೆ ಮಾಡಬೇಕು, ಬೆಳಿಗ್ಗೆ ತಪಾಸಣೆಗೆ ಹಾಸಿಗೆ ಮಡಚಿಟ್ಟು ನಿಲ್ಲಬೇಕು. ಮಗುವಿನ ಜಾಗದಲ್ಲಿ ನಿಂತು ನೋಡಿದ್ದು ನನಗೆ ಪುಸ್ತಕಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಆದರೆ ನಿಜವಾಗಿ ಕಲಿತದ್ದು ನನ್ನ ಮೊದಲ ಕ್ಯಾಂಪ್‌ನಲ್ಲಿ. ಅದನ್ನ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಲಮಟ್ಟಿ ಕಡೆ ಒಂದು ಶಾಲೆಯ ಅಂಗಳ. ಡಿಸೆಂಬರ್ ಕೊನೆ. 26 ಹುಡುಗರು. ಊಟ ತಡವಾಗಬಾರದು ಅಂತ ಉಪ್ಪಿಟ್ಟು ನಾನೇ ತಿರುವಿದೆ. ಟೆಂಟ್ ವಾಲಬಾರದು ಅಂತ ಗೂಟ ನಾನೇ ಬಡಿದೆ. ಹುಡುಗರು ಏನು ಮಾಡಬೇಕು? ಕೂತರು. ಕೂತವರು ಜಗಳ ತೆಗೆದರು. ಒಬ್ಬನ ಚಾದರ ಇನ್ನೊಬ್ಬ ಕಂಪೌಂಡ್ ಆಚೆ ಎಸೆದ. ರಾತ್ರಿ ಹತ್ತಕ್ಕೆ ಸಣ್ಣವನೊಬ್ಬ ಮನೆಗೆ ಹೋಗ್ತೀನಿ ಅಂತ ಅಳೋಕೆ ಶುರು ಮಾಡಿದ. ಮರುದಿನ ಮಧ್ಯಾಹ್ನಕ್ಕೆ ನನಗೇ ಮೈ ಬಿಸಿ. ಜೊತೆಗಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಕೇಳಿದರು: "ಕ್ಯಾಂಪ್ ಹುಡುಗರದೇನಪಾ, ನಿಂದೇನಪಾ?"

ಅವತ್ತು ಸಂಜೆ ನಾಲ್ಕೂ ಪಟ್ರೋಲ್‌ಗೆ ಅಕ್ಕಿ, ಬೇಳೆ, ಎಣ್ಣೆ, ಉಳ್ಳಾಗಡ್ಡಿ ಅಳೆದು ಕೊಟ್ಟು ಕಟ್ಟೆ ಮೇಲೆ ಕೂತೆ. ಹದಿಮೂರು ವರ್ಷದ ಪಟ್ರೋಲ್ ಲೀಡರ್ ಮೂರು ಕಲ್ಲು ಹೂಡಿದ. ಕಟ್ಟಿಗೆ ಹಸಿ. ಹೊಗೆಯೋ ಹೊಗೆ. ಕಡ್ಡಿ ಗೀರುತ್ತಾನೆ, ಆರುತ್ತದೆ. ಮತ್ತೆ ಗೀರುತ್ತಾನೆ. ನನಗೆ ಎದ್ದು ಹೋಗದೆ ಕೂರುವುದೇ ಕಷ್ಟವಾಗಿತ್ತು. ಏಳನೇ ಕಡ್ಡಿಯೂ ಆರಿದಾಗ, ಹಿಂದಿನ ರಾತ್ರಿ ಅತ್ತಿದ್ದ ಅದೇ ಸಣ್ಣವನು ಬೇಲಿ ಹತ್ತಿರ ಓಡಿ ಹೋಗಿ ಒಂದು ಹಿಡಿ ಒಣಗಿದ ತೊಗರಿ ಕಟ್ಟಿಗೆ ತಂದ. ಹೊಲದ ಮನೆಯ ಹುಡುಗ ಅವನು. "ಇದನ್ನ ಕೆಳಗ ಇಡೋ, ದಪ್ಪಂದು ಮ್ಯಾಲ" ಅಂದ. ಹತ್ತಿಕೊಂಡಿತು. ಅನ್ನ ತಳಕ್ಕೆ ಸೀದಿತ್ತು, ಮೇಲೆ ಅರೆಬೆಂದಿತ್ತು. ಅಷ್ಟೂ ಜನ ಪಾತ್ರೆ ಕೆರೆದು ಉಂಡರು. ಅವತ್ತು ರಾತ್ರಿ ಯಾರೂ ಅಳಲಿಲ್ಲ.

ಪಟ್ರೋಲ್ ಅಂದರೆ 6ರಿಂದ 8 ಮಕ್ಕಳ ಗುಂಪು. ಒಂದು ದಳದಲ್ಲಿ ಹೆಚ್ಚೆಂದರೆ 32 ಮಕ್ಕಳು. ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ಮಾಡಿದಾಗಲೂ ಇಪ್ಪತ್ತರಷ್ಟು ಹುಡುಗರನ್ನು ನಾಲ್ಕು ಪಟ್ರೋಲ್ ಮಾಡಿ ಬಿಟ್ಟಿದ್ದರು. ನಿಮ್ಮ 30 ಮಕ್ಕಳಿಗೂ ನಾಲ್ಕು ಪಟ್ರೋಲ್ ಸಾಕು. ನೀವು 30 ಜನರಿಗೆ ಕಲಿಸಬೇಡಿ. ನಾಲ್ಕು ಲೀಡರ್‌ಗಳಿಗೆ ಕಲಿಸಿ, ಅವರು ಉಳಿದವರಿಗೆ ಕಲಿಸುತ್ತಾರೆ. ಅವರ ಜೊತೆ ವಾರದ ಮಧ್ಯೆ ಅರ್ಧ ಗಂಟೆ ಕೂತು "ಈ ಭಾನುವಾರ ಏನು ಮಾಡೋಣ?" ಅಂತ ಕೇಳಿ. ಭಾನುವಾರ ಎರಡು ಗಂಟೆ, ತಯಾರಿಗೆ ಇನ್ನೆರಡು ಗಂಟೆ. ಅಷ್ಟೇ ಸಮಯ.

ಒಂದು ಮಾತು ಬಿಟ್ಟಿದ್ದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಸಾವಧಾನ್ ಅಂತ ಬಿಸಿಲಿನಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ, ತಲೆಸುತ್ತಿ ಬೀಳುತ್ತಾರೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ. ಕ್ಯಾಂಪ್ ನವೆಂಬರ್‌ನಿಂದ ಜನವರಿ ಒಳಗೆ.

ಇಳಕಲ್‌ನಿಂದ, ಗೈಡ್ ಕ್ಯಾಪ್ಟನ್, ಹುಡುಗಿಯರ ದಳ ನೋಡಿಕೊಳ್ಳುತ್ತೇನೆ

ವಿಜಯಪುರದ ಅಣ್ಣಾರ ಮಾತು ನಿಜ, ಮಕ್ಕಳಿಗೆ ಬಿಡಬೇಕು. ಆದರೆ ಯಾವುದನ್ನು ಬಿಡಬಾರದು ಅನ್ನುವುದನ್ನೂ ಹೇಳಬೇಕು ಅಲ್ವಾ? ಸುರಕ್ಷತೆ ದೊಡ್ಡವರ ಕೆಲಸ. ಅದನ್ನು ಹದಿಮೂರು ವರ್ಷದ ಲೀಡರ್ ತಲೆ ಮೇಲೆ ಹಾಕಬಾರದು.

ನನ್ನ ನಿಯಮ ಹೇಳುತ್ತೇನೆ. ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಒಂಟಿಯಾಗಿ ಎಲ್ಲೂ ಇರಬಾರದು. ಕೋಣೆಯಲ್ಲಿ, ಟೆಂಟ್‌ನಲ್ಲಿ, ಬೈಕ್ ಮೇಲೆ, ಎಲ್ಲೂ. ಮಗುವಿನ ಜೊತೆ ಏನಾದರೂ ಮಾತಾಡಬೇಕಿದ್ದರೆ ನಾಲ್ಕು ಜನಕ್ಕೆ ಕಾಣುವ ಹಾಗೆ ಮರದ ಕೆಳಗೆ ಕೂತು ಮಾತಾಡಿ. ಕ್ಯಾಂಪ್‌ಗೆ ಯಾವತ್ತೂ ಇಬ್ಬರು ದೊಡ್ಡವರಾದರೂ ಇರಲಿ. ದೊಡ್ಡವರು ಮಲಗುವ ಜಾಗ ಬೇರೆ. ಪಾಲಕರ ಸಹಿ ಇಲ್ಲದೆ ಒಂದು ಮಗುವನ್ನೂ ಬಸ್ ಹತ್ತಿಸಬೇಡಿ. ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ನಂಬರ್ ಬಾಯಿಪಾಠ ಮಾಡಿಸಿ. ಇದೆಲ್ಲ ಅನುಮಾನದಿಂದ ಹೇಳುವುದಲ್ಲ. ಮಗುವಿಗೂ ರಕ್ಷಣೆ, ನಿಮಗೂ ರಕ್ಷಣೆ.

ಹುಡುಗಿಯರೂ ಬರುತ್ತೇವೆ ಅಂದರೆ ಬೇರೆ ಗೈಡ್ ಕಂಪನಿ ಶುರು ಮಾಡಿ. ಅದಕ್ಕೆ ಮಹಿಳೆಯೇ ಕ್ಯಾಪ್ಟನ್ ಆಗಬೇಕು. ಪಾಲಕರ ಸಭೆಯಲ್ಲಿ ತಾಯಂದಿರನ್ನು ಕೇಳಿ ನೋಡಿ. ಕೇಳದೆ ಯಾರೂ ಬರುವುದಿಲ್ಲ, ನನ್ನನ್ನೂ ಯಾರೋ ಕೇಳಿದ್ದಕ್ಕೇ ಬಂದೆ. ಹುಡುಗಿಯರ ಕ್ಯಾಂಪ್‌ಗೆ ಜಾಗ ನೋಡಲು ಹೋದಾಗ ನಾನು ಮೊದಲು ನೋಡುವುದು ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತದಾ ಅಂತ. ಪ್ಯಾಡ್ ಒಂದು ಡಬ್ಬಿ ತುಂಬ ನನ್ನ ಚೀಲದಲ್ಲಿ ಯಾವತ್ತೂ ಇರುತ್ತದೆ. ಎಲ್ಲಿ ಇದೆ ಅಂತ ಎಲ್ಲ ಹುಡುಗಿಯರಿಗೂ ಗೊತ್ತು, ಯಾರೂ ಬಂದು ಕೇಳಬೇಕಾಗಿಲ್ಲ.

ಇನ್ನೊಂದು ಖುಷಿಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಂಪನಿಯಲ್ಲಿ ಒಬ್ಬ ಹುಡುಗಿ, ಮನೆಯಲ್ಲಿ ಕೈಮಗ್ಗ. ಓದಿನಲ್ಲಿ ಹಿಂದೆ, ಮಾತೂ ಕಡಿಮೆ. ಎರಡು ಹಗ್ಗ ಸೇರಿಸುವ ಶೀಟ್ ಬೆಂಡ್ ಗಂಟು ಕಲಿಸುವ ದಿನ ನಾನು ಮೂರು ಸಲ ತೋರಿಸಿದರೂ ಯಾರಿಗೂ ಬರಲಿಲ್ಲ. ಅವಳು ಹಗ್ಗ ತೊಗೊಂಡು ಒಂದು ಕುಣಿಕೆ ಮಾಡಿ ಇನ್ನೊಂದನ್ನು ಅದರೊಳಗೆ ತೂರಿಸಿ ಎಳೆದಳು. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ, ತೋಪು ತೆನಿ ಅಂತಾರೆ. ಮನೆಯಲ್ಲಿ ಅವ್ವ ದಿನಾ ಮಾಡುವುದನ್ನು ನೋಡಿದ ಕೈ ಅದು. ಅವತ್ತಿನಿಂದ ಗಂಟಿನ ಪಾಠ ಅವಳದೇ. ಈಗ ಆ ಪಟ್ರೋಲ್‌ನ ಲೀಡರ್.

ಬೆಳಗಾವಿಯಿಂದ, ಓಪನ್ ಗ್ರೂಪ್ (ಶಾಲೆಗೆ ಸೇರದ ದಳ) ನಡೆಸುತ್ತೇನೆ

ಇಳಕಲ್ ಅಕ್ಕನ ಎರಡು ಜನರ ನಿಯಮಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹೈಕ್ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ.

ಖಾನಾಪುರ ಕಡೆ ಒಂದು ಹೈಕ್‌ಗೆ 28 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ತಿರುಗಿ ಬರುವಾಗ ಎಣಿಸಿದರೆ 27. ಆ ಹತ್ತು ನಿಮಿಷ ನಾನು ಮರೆಯುವುದಿಲ್ಲ. ಹುಡುಗ ಶೂ ಲೇಸ್ ಕಟ್ಟಿಕೊಳ್ಳಲು ತಿರುವಿನಲ್ಲಿ ಕೂತಿದ್ದ, ಅಷ್ಟೇ. ತಪ್ಪು ನನ್ನದು, ನಾನು ಮುಂದೆ ನಡೆಯುತ್ತಿದ್ದೆ, ಹಿಂದೆ ಯಾರನ್ನೂ ಇಟ್ಟಿರಲಿಲ್ಲ. ಈಗ ಪ್ರತಿ ಮಗುವಿಗೂ ಒಬ್ಬ ಜೊತೆಗಾರ. ಸೀಟಿ ಊದಿದಾಗ ಜೋಡಿ ಜೋಡಿಯಾಗಿ ಕೈ ಎತ್ತಬೇಕು. ಕೊನೆಯಲ್ಲಿ ಒಬ್ಬ ದೊಡ್ಡವರು, ಅವರ ಹಿಂದೆ ಯಾರೂ ಇಲ್ಲ.

ನೀರಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಗೋಕಾಕ ಜಲಪಾತ ನೋಡಲು ಹೋಗೋಣ ಅಂತ ಮಕ್ಕಳು ಪ್ರತಿ ಮಳೆಗಾಲ ಕೇಳುತ್ತಾರೆ. ಘಟಪ್ರಭಾ 52 ಮೀಟರ್ ಕೆಳಗೆ ಬೀಳುತ್ತಾಳೆ. ಕರೆದುಕೊಂಡು ಹೋಗುತ್ತೇನೆ, ದೂರದಿಂದ ತೋರಿಸುತ್ತೇನೆ. ಬಂಡೆ ಅಂಚಿಗೆ ಒಬ್ಬರನ್ನೂ ಬಿಡುವುದಿಲ್ಲ.

ಹಾವು ಕಡಿದರೆ ಏನು ಮಾಡಬೇಕು ಅಂತ ನೀವೂ ಕಲಿಯಿರಿ, ಮಕ್ಕಳಿಗೂ ಕಲಿಸಿ. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಎಳೆಯಬಾರದು. ಮಗುವನ್ನು ಅಲ್ಲಾಡಿಸದೆ ಮಲಗಿಸಿ 108ಕ್ಕೆ ಫೋನ್. ಕ್ಯಾಂಪ್ ಜಾಗಕ್ಕೆ ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿದೆ ಅಂತ ಮೊದಲೇ ಹೋಗಿ ನೋಡಿ ಬನ್ನಿ. ಕೊರಳಿನ ಸ್ಕಾರ್ಫ್ ಬರೀ ಚೆಂದಕ್ಕಲ್ಲ. ನಮ್ಮ ಹುಡುಗನೊಬ್ಬ ಜಾರಿ ಬಿದ್ದು ಮುಂಗೈ ಊದಿದಾಗ ಅವನ ಪಟ್ರೋಲ್‌ನವರೇ ಸ್ಕಾರ್ಫ್ ಬಿಚ್ಚಿ ಕೈ ಜೋಲಿ ಕಟ್ಟಿದ್ದರು. ನಾನು ಓಡಿ ಬರುವಷ್ಟರಲ್ಲಿ ಕಟ್ಟಿ ಮುಗಿಸಿದ್ದರು.

ನಮ್ಮಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು, ಮರಾಠಿ ಮಾತಾಡುವವರು, ಉರ್ದು ಮಾತಾಡುವವರು ಎಲ್ಲ ಇದ್ದಾರೆ. ಬಿಟ್ಟರೆ ಅವರವರೇ ಸೇರಿಕೊಳ್ಳುತ್ತಾರೆ. ನಾನು ಪ್ರತಿ ಪಟ್ರೋಲ್‌ನಲ್ಲೂ ಬೆರೆಸುತ್ತೇನೆ. ಬುತ್ತಿ ಬಿಚ್ಚಿದಾಗ ಒಂದೇ ಸಾಲಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಝುಣಕ, ಖೀಮಾ ಎಲ್ಲ ಇರುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಹೊತ್ತು ಅದು.

ಜಮಖಂಡಿಯಿಂದ

ಚಿಕ್ಕದಾಗಿ ಹೇಳುತ್ತೇನೆ. ಮೊದಲ ದಿನದಿಂದ ಲೆಕ್ಕದ ಪುಸ್ತಕ ಇಡಿ. ಮಕ್ಕಳಿಂದ 20 ರೂಪಾಯಿ ತೊಗೊಂಡರೂ ರಸೀದಿ ಕೊಡಿ, ಕ್ಯಾಂಪ್ ಮುಗಿದ ವಾರದಲ್ಲಿ ಖರ್ಚು ಬರೆದು ಪಾಲಕರಿಗೆ ತೋರಿಸಿ. ನಾನು ಮೊದಲ ವರ್ಷ ಬಾಯಿಲೆಕ್ಕ ಇಟ್ಟಿದ್ದೆ. ಕೈಯಿಂದಲೇ ಹಾಕಿದ್ದರೂ ಒಬ್ಬರು "ಉಳಿದ ದುಡ್ಡು ಎಲ್ಲಿ?" ಅಂದಾಗ ತೋರಿಸಲು ಕಾಗದ ಇರಲಿಲ್ಲ. ಬಹಳ ನೋವಾಯಿತು.

ಪಾಲಕರು "ಇದರಿಂದ ಏನು ಲಾಭ?" ಅಂತ ಖಂಡಿತ ಕೇಳುತ್ತಾರೆ. ಸ್ಕೌಟ್‌ನಲ್ಲಿ ಹಂತ ಹಂತವಾಗಿ ಮೇಲೆ ಹೋಗಬೇಕು: ಪ್ರವೇಶದಿಂದ ಶುರುವಾಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪುರಸ್ಕಾರ. ವರ್ಷಗಟ್ಟಲೆ ಹಿಡಿಯುತ್ತದೆ. ರೈಲ್ವೆಯಲ್ಲಿ ಸ್ಕೌಟ್ ಕೋಟಾ ಇರುವುದೂ ನಿಜ. ಆದರೆ ಸರ್ಟಿಫಿಕೇಟಿನ ಆಸೆ ತೋರಿಸಿ ಮಕ್ಕಳನ್ನು ಸೇರಿಸಿಕೊಳ್ಳಬೇಡಿ. ಹಾಗೆ ಬಂದವರು ಎರಡನೇ ವರ್ಷ ನಿಲ್ಲುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ತುಂಬಿ ಬಂದಾಗ ನಮ್ಮ ಶಾಲೆಯೇ ಪರಿಹಾರ ಕೇಂದ್ರ. ನೀರಿನ ಹತ್ತಿರ ಒಬ್ಬ ಹುಡುಗನನ್ನೂ ಬಿಡಲಿಲ್ಲ. ಕೇಂದ್ರದ ಒಳಗೆ ಕೊಡ ತುಂಬಿಸುವುದು, ಯಾವ ಮನೆಯವರಿಗೆ ಯಾವ ಔಷಧಿ ಬೇಕು ಅಂತ ಪಟ್ಟಿ ಬರೆಯುವುದು, ಸಣ್ಣ ಮಕ್ಕಳಿಗೆ ಆಟ ಆಡಿಸುವುದು, ಇಷ್ಟು ಕೊಟ್ಟೆ. ಆ ಪಟ್ಟಿ ಹಿಡಿದುಕೊಂಡೇ ಆಸ್ಪತ್ರೆಯವರು ಗುಳಿಗೆ ಹಂಚಿದರು. ಅದನ್ನು ನೋಡಿದ ಪಾಲಕರು ಮತ್ತೆ ಲಾಭದ ಪ್ರಶ್ನೆ ಕೇಳಿಲ್ಲ.

ನವನಗರದಿಂದ, ಪ್ರಶ್ನೆ ಕೇಳಿದವನು

ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ಕು ಸಲ ಓದಿದೆ, ನನ್ನ ಮನೆಯವರಿಗೂ ಓದಿ ಹೇಳಿದೆ. ಅವರು ತಾವೂ ಗೈಡ್ ಕಂಪನಿ ಬಗ್ಗೆ ವಿಚಾರಿಸುತ್ತೇನೆ ಅಂದಿದ್ದಾರೆ. ಜಿಲ್ಲಾ ಸಂಸ್ಥೆಗೆ ಹೋಗಿ ಬಂದೆ. ನವೀಕರಣ ಆಗಿರಲಿಲ್ಲ, ಅರ್ಜಿ ಕೊಟ್ಟಿದ್ದೇನೆ. ಮುಂದಿನ ಬೇಸಿಕ್ ಕೋರ್ಸ್‌ಗೆ ಹೆಸರು ಬರೆಸಿದೆ, ಆ ವಾರ ಅಂಗಡಿ ತಮ್ಮ ನೋಡಿಕೊಳ್ಳುತ್ತಾನೆ.

ಹಳೇ ಪಟ್ರೋಲ್ ಲೀಡರ್‌ಗಳು ನಾಲ್ಕು ಜನರನ್ನೂ ಅಂಗಡಿಗೆ ಕರೆಸಿ ಚಹಾ ಕುಡಿಸಿ ಕೇಳಿದೆ, ಏನು ಮಾಡೋಣ ಅಂತ. ಹಗ್ಗ ಇಲ್ಲ ಸರ, ಹಳೇವು ಇಲಿ ಕಡಿದಾವು ಅಂದರು. ಹಗ್ಗ ನನ್ನ ಅಂಗಡಿಯಲ್ಲೇ ಇದೆ. ಯಾವುದು ಕೊಡಲಿ? ನೈಲಾನ್ ಇದೆ, ಹತ್ತಿಯದೂ ಇದೆ.

ವಿಜಯಪುರದಿಂದ

ಹತ್ತಿಯದು ಕೊಡಿ. ನೈಲಾನ್ ಜಾರುತ್ತದೆ, ಗಂಟು ನಿಲ್ಲುವುದಿಲ್ಲ, ಸಣ್ಣ ಕೈಗೆ ಉಜ್ಜಿ ಬೊಬ್ಬೆ ಬರುತ್ತದೆ. ಕಿರುಬೆರಳಿಗಿಂತ ಸ್ವಲ್ಪ ಸಣ್ಣ ದಪ್ಪ. ಒಬ್ಬೊಬ್ಬರಿಗೆ 3 ಮೀಟರ್. ಕತ್ತರಿಸಿ ಕೊಡಿ, ಆದರೆ ತುದಿ ಹಾಗೇ ಬಿಡಿ, ನೀವು ಕಟ್ಟಬೇಡಿ. ತುದಿ ಬಿಚ್ಚಿಕೊಳ್ಳದ ಹಾಗೆ ದಾರ ಸುತ್ತುವುದಕ್ಕೆ ವಿಪ್ಪಿಂಗ್ ಅಂತಾರೆ. ಆ ನಾಲ್ಕು ಲೀಡರ್‌ಗಳಿಗೆ ಗೊತ್ತಿರುತ್ತದೆ. ಒಂದು ಉಂಡೆ ದಾರ ಇಟ್ಟು, ಈ ಭಾನುವಾರ ಅದನ್ನು ಅವರೇ ಎಲ್ಲರಿಗೂ ಕಲಿಸಲಿ. ನೀವೂ ನಿಮ್ಮದೊಂದು ಹಗ್ಗ ತೊಗೊಂಡು ಅವರ ಜೊತೆ ಕೆಳಗೆ ಕೂತು ಕಲಿಯಿರಿ.