ಬಾಲ್ಯದಲ್ಲಿ ಡಾಕ್ಸೊರುಬಿಸಿನ್: ಈಗ ಎಕೋ ಎಷ್ಟು ವರ್ಷಕ್ಕೊಮ್ಮೆ?

ಪ್ರಶ್ನೆ: 9ನೇ ವಯಸ್ಸಿನಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಡಾಕ್ಸೊರುಬಿಸಿನ್ (ಹೃದಯದ ಸ್ನಾಯುವಿಗೆ ಹಾನಿ ಮಾಡಬಲ್ಲ ಕೀಮೋ ಔಷಧಿ), ಜೊತೆಗೆ ಎದೆಗೆ ರೇಡಿಯೇಷನ್ ಆಗಿರುವ ಮಹಿಳೆಗೆ ಈಗ 28. ಸುಸ್ತು, ಉಬ್ಬಸ ಏನೂ ಇಲ್ಲ. ಆದರೂ ಹೃದಯದ ಎಕೋ (ಅಲ್ಟ್ರಾಸೌಂಡ್ ಸ್ಕ್ಯಾನ್) ಬೇಕೇ? ಬೇರೆ ಏನು ನೋಡಿಸಬೇಕು?

ಉತ್ತರ 1: ಖಂಡಿತ ಬೇಕು. ಉಬ್ಬಸ ಕಾಣುವ ಹೊತ್ತಿಗೆ ಹೃದಯದ ಸ್ನಾಯು ಸಾಕಷ್ಟು ಸೋತಿರುತ್ತದೆ. ಮೊದಲು ಹಳೆಯ ಡಿಸ್ಚಾರ್ಜ್ ಸಮ್ಮರಿ ಹುಡುಕಿ, ಕೀಮೋದ ಎಲ್ಲ ಸೈಕಲ್‌ಗಳಲ್ಲಿ (ಸುತ್ತುಗಳಲ್ಲಿ) ಕೊಟ್ಟ ಡಾಕ್ಸೊರುಬಿಸಿನ್ ಡೋಸ್ ಕೂಡಿಸಿ. ದೇಹದ ಮೇಲ್ಮೈಯ ಚದರ ಮೀಟರಿಗೆ ಒಟ್ಟು 250 ಮಿ.ಗ್ರಾಂ ಅಥವಾ ಹೆಚ್ಚಿದ್ದರೆ 2 ವರ್ಷಕ್ಕೊಮ್ಮೆ ಎಕೋ. 100ರಿಂದ 250ರೊಳಗಿದ್ದರೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ. ಎದೆಯ ರೇಡಿಯೇಷನ್ ಸೇರಿದಾಗ ಅಪಾಯ ಏರುತ್ತದೆ, ಹಾಗಾಗಿ ಅದರ ಗ್ರೇ (ರೇಡಿಯೇಷನ್ ಡೋಸಿನ ಅಳತೆ) ಲೆಕ್ಕವನ್ನೂ ವೈದ್ಯರಿಗೆ ಕೊಡಿ.

ಉತ್ತರ 2: ಇಸಿಜಿ ನಾರ್ಮಲ್ ಬಂತೆಂದು ಸುಮ್ಮನಾಗುವವರೇ ಹೆಚ್ಚು. ಅದು ಹೃದಯದ ಪಂಪಿಂಗ್ ಅಳೆಯುವುದಿಲ್ಲ!

ಎದೆಗೆ 10 ಗ್ರೇ ಅಥವಾ ಹೆಚ್ಚು ಬಿದ್ದಿದ್ದರೆ ಸ್ತನ ಕ್ಯಾನ್ಸರ್ ಬೇಗ ಪತ್ತೆಯಾಗಲೆಂದು ಸ್ತನದ ಎಂಆರ್‌ಐ, ಮ್ಯಾಮೊಗ್ರಾಂ (ಸ್ತನದ ಎಕ್ಸ್‌-ರೇ) ವರ್ಷಕ್ಕೊಮ್ಮೆ. 25 ತುಂಬಿದಾಗ ಅಥವಾ ರೇಡಿಯೇಷನ್ ಆಗಿ 8 ವರ್ಷಕ್ಕೆ, ಯಾವುದು ತಡವೋ ಆಗಿನಿಂದ ಶುರು. ಅಂದರೆ ಇವರಿಗೆ ಈಗಾಗಲೇ ಶುರುವಾಗಿರಬೇಕಿತ್ತು. ಕಿರಣ ಕುತ್ತಿಗೆಗೂ ತಾಗಿದ್ದರೆ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಕೂಡ ವರ್ಷಕ್ಕೊಮ್ಮೆ.

ಉತ್ತರ 3: ಮಗುವಿನ ಯೋಚನೆ ಇದ್ದರೆ ಅದಕ್ಕೂ ಮುಂಚೆ ಒಂದು ಎಕೋ ಆಗಲಿ. ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ಏರುವುದರಿಂದ ಸೋತ ಹೃದಯ ಆಗಲೇ ಕೈಕೊಡುವುದುಂಟು.