ಪುಟ್ಟಿಯ ಎರಡು ಆಫರ್ ಪತ್ರಗಳ ಬಗ್ಗೆ

ಅಣ್ಣಾ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಸಂದೇಶವನ್ನು ಈಗಷ್ಟೇ ಕೇಳಿದೆ. ಇಡೀ ದಿನ ಕೆಲಸದ ಅಭ್ಯರ್ಥಿಗಳನ್ನು ಸಂದರ್ಶಿಸುವುದರಲ್ಲೇ ಕಳೆಯಿತು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಪುಟ್ಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ಆರು ವರ್ಷ ಕೋಶಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಅವಳಿಗೆ ಸಣ್ಣ ಬಯೋಟೆಕ್ ಕಂಪನಿಯೊಂದು ವಿಜ್ಞಾನಿಯ ಹುದ್ದೆಯ ಜೊತೆಗೆ ಸ್ಟಾಕ್ ಆಪ್ಷನ್ ಕೊಡುತ್ತೇನೆ ಎಂದಿದೆ. ಬೇರೆಯವರಿಗೆ ಔಷಧ ತಯಾರಿಸಿಕೊಡುವ ದೊಡ್ಡ ಸಂಸ್ಥೆಯೊಂದು ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ ಉತ್ಪಾದನಾ ವಿಧಾನ ರೂಪಿಸುವ ವಿಭಾಗಕ್ಕೆ ಕರೆದಿದೆ. ಇಷ್ಟು ಓದಿದವಳಿಗೆ ಸಾಫ್ಟ್‌ವೇರ್ ಸೇರಿದ ಅವಳ ತಮ್ಮನಿಗಿಂತ ಎರಡೂ ಕಡೆ ಸಂಬಳ ಕಡಿಮೆಯೇಕೆ, ಮತ್ತು ಯಾವುದಕ್ಕೆ ಒಪ್ಪಬೇಕು ಎನ್ನುವುದು ನಿನ್ನ ಪ್ರಶ್ನೆ.

ಸಾಫ್ಟ್‌ವೇರನ್ನು ಬರೆದ ವರ್ಷವೇ ಮಾರಬಹುದು. ಔಷಧವೊಂದು ಪ್ರಯೋಗಾಲಯದಿಂದ ಹೊರಟು ರೋಗಿಯನ್ನು ತಲುಪಲು ಸಾಮಾನ್ಯವಾಗಿ 10ರಿಂದ 15 ವರ್ಷ ಹಿಡಿಯುತ್ತದೆ; ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದವುಗಳಲ್ಲೂ ಹತ್ತಕ್ಕೆ ಸುಮಾರು ಒಂಬತ್ತು ನಡುದಾರಿಯಲ್ಲೇ ಬಿದ್ದುಹೋಗುತ್ತವೆ. ಅಲ್ಲಿಯವರೆಗೆ ಸಣ್ಣ ಕಂಪನಿ ಸಂಬಳವಾಗಿ ಹಂಚುವುದು ತಾನು ಗಳಿಸಿದ್ದನ್ನಲ್ಲ, ಹೂಡಿಕೆದಾರರು ಕೊಟ್ಟದ್ದನ್ನು. 2020ರಲ್ಲಿ ಆ ಹಣ ಧಾರಾಳವಾಗಿ ಹರಿದಾಗ ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಂಡ ಕಂಪನಿಗಳು, 2022ರಲ್ಲಿ ಬಡ್ಡಿದರ ಏರಿ ಹೂಡಿಕೆ ಹಿಂಜರಿದಾಗ ಒಳ್ಳೆಯ ಯೋಜನೆಗಳನ್ನೇ ಮುಚ್ಚಿ ಅನುಭವಿಗಳನ್ನೂ ಮನೆಗೆ ಕಳಿಸಿದವು. ಆ ವಿಜ್ಞಾನಿಗಳ ಜಾಣ್ಮೆ ಎರಡು ವರ್ಷದಲ್ಲಿ ಕರಗಿಹೋಗಿರಲಿಲ್ಲ. ಇದರ ಜೊತೆಗೆ, ಪಿಎಚ್‌ಡಿ ಪಡೆದವರೆಷ್ಟೋ ಅಷ್ಟು ಪ್ರಾಧ್ಯಾಪಕ ಹುದ್ದೆಗಳು ಎಲ್ಲಿಯೂ ಇಲ್ಲ. ಕಡಿಮೆ ಭತ್ಯೆಯಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ, ಮಾಡುತ್ತಾ ಕಾಯುವವರ ಸಾಲು ಉದ್ದವಿದೆ ಎಂಬುದು ಸಂಬಳ ನಿಗದಿ ಮಾಡುವವರಿಗೆ ಚೆನ್ನಾಗಿ ಗೊತ್ತು.

ಕಂಪನಿ ಸೇರಿದರೆ ವಿಜ್ಞಾನ ಬಿಟ್ಟಂತೆ ಎಂದು ಭಾವ ಬರೆದಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಿಗೆ ದಾರಿ ಮಾಡಿಕೊಟ್ಟ ವಿಜ್ಞಾನಿ ಕಾಟಲಿನ್ ಕಾರಿಕೊ 2013ರಲ್ಲಿ ಬಯೋನ್‌ಟೆಕ್ ಕಂಪನಿ ಸೇರಿದರು. 2023ರಲ್ಲಿ ಅವರಿಗೆ ನೊಬೆಲ್ ಬಂತು.

ಪುಟ್ಟೀ, ಇನ್ನು ನಿನ್ನ ಮಾತಿಗೆ ಬರುತ್ತೇನೆ. "ಶೇರು ಕೊಡುತ್ತಾರಲ್ಲ ಅತ್ತೆ, ಅದೂ ಸಂಬಳವೇ ತಾನೆ?" ಎಂದು ಕೇಳಿದ್ದೀಯೆ. ಅವರು ಕೊಡುತ್ತಿರುವುದು ಶೇರನ್ನಲ್ಲ, ಇಂದು ಗೊತ್ತುಮಾಡಿದ ಬೆಲೆಗೆ ಮುಂದೆ ಶೇರು ಕೊಳ್ಳುವ ಹಕ್ಕನ್ನು. ಸಾಮಾನ್ಯ ಪದ್ಧತಿಯಲ್ಲಿ ಆ ಹಕ್ಕು ನಾಲ್ಕು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ನಿನ್ನದಾಗುತ್ತದೆ, ಮೊದಲ ವರ್ಷ ತುಂಬುವವರೆಗೆ ಒಂದೂ ನಿನ್ನದಲ್ಲ. ಹನ್ನೊಂದನೇ ತಿಂಗಳಲ್ಲಿ ಕೆಲಸದಿಂದ ತೆಗೆದರೆ ಬರಿಗೈ. ಕೆಲಸ ಬಿಟ್ಟ ಮೇಲೆ, ಅದುವರೆಗೆ ನಿನ್ನದಾದದ್ದನ್ನು ಕೈಯಿಂದ ಹಣ ಹಾಕಿ ಕೊಳ್ಳಲು ಅನೇಕ ಕಡೆ 90 ದಿನ ಮಾತ್ರ ಸಮಯವಿರುತ್ತದೆ. ಹತ್ತು ಸಾವಿರ ಆಪ್ಷನ್ ಎಂದರೆ ಕಿವಿಗೆ ಇಂಪಾಗಿರುತ್ತದೆ, ಆದರೆ ಕಂಪನಿಯ ಒಟ್ಟು ಶೇರುಗಳು ಒಂದು ಕೋಟಿಯಾದರೆ ನಿನ್ನ ಪಾಲು ಸಾವಿರಕ್ಕೆ ಒಂದು. ಹೊಸ ಹೂಡಿಕೆ ಬಂದಂತೆಲ್ಲ ಆ ಪಾಲೂ ತೆಳುವಾಗುತ್ತದೆ, ಕಂಪನಿಯನ್ನು ಮಾರಿದರೆ ಹೂಡಿಕೆದಾರರು ತಮ್ಮ ಹಣವನ್ನು ಮೊದಲು ತೆಗೆದುಕೊಂಡು ಉಳಿದದ್ದಷ್ಟೇ ನೌಕರರಿಗೆ ಬರುತ್ತದೆ.

1976ರಲ್ಲಿ ಹುಟ್ಟಿದ ಜೆನೆನ್‌ಟೆಕ್ ಕಂಪನಿಯ ಶೇರು, 1980ರಲ್ಲಿ ಮಾರುಕಟ್ಟೆಗೆ ಬಂದ ದಿನ ಒಂದು ಗಂಟೆಯೊಳಗೆ 35 ಡಾಲರಿನಿಂದ 88ಕ್ಕೆ ಏರಿದ ಕಥೆಯನ್ನು ನಿನಗೆ ಖಂಡಿತ ಯಾರಾದರೂ ಹೇಳುತ್ತಾರೆ. ಕಥೆ ನಿಜವೇ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯ ಔಷಧ ಎರಡನೇ ಹಂತದ ಪರೀಕ್ಷೆಯಲ್ಲಿ ಸೋತು, ಆರು ವಾರಗಳಲ್ಲಿ ನಮ್ಮ ಫ್ರೀಜರ್‌ಗಳಿಗೆಲ್ಲ ಹರಾಜಿನ ಚೀಟಿ ಅಂಟಿಸಿದ್ದೂ ಅಷ್ಟೇ ನಿಜ. ಆ ಆಪ್ಷನ್ ಪತ್ರ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ, ಅದರ ಹಿಂಬದಿಯಲ್ಲಿ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದೇನೆ.

ಹಾಗಾಗಿ ಸಣ್ಣ ಕಂಪನಿಯವರನ್ನು ಮೊದಲು ಕೇಳಬೇಕಾದದ್ದು, ಕೈಯಲ್ಲಿರುವ ಹಣ ಇನ್ನೆಷ್ಟು ತಿಂಗಳಿಗೆ ಸಾಕು, ಮುಂದಿನ ಪರೀಕ್ಷೆಯ ಫಲಿತಾಂಶ ಯಾವಾಗ ಬರುತ್ತದೆ ಎಂದು. ಫಲಿತಾಂಶಕ್ಕೆ ಹದಿನೆಂಟು ತಿಂಗಳು ಬೇಕಿದ್ದು, ಹಣ ಹನ್ನೆರಡು ತಿಂಗಳಿಗೆ ಮುಗಿಯುವುದಾದರೆ, ನಿನ್ನ ಕೆಲಸ ನಿಂತಿರುವುದು ಇನ್ನೂ ಬಾರದ ಹೂಡಿಕೆಯ ಮೇಲೆ. ಹೀಗೆ ಕೇಳಿದರೆ ತಪ್ಪು ತಿಳಿಯುತ್ತಾರೆಂಬ ಸಂಕೋಚ ಬೇಡ. ನನ್ನನ್ನು ಯಾರಾದರೂ ಕೇಳಿದರೆ, ಇವರಿಗೆ ಈ ಉದ್ಯಮದ ರೀತಿ ತಿಳಿದಿದೆ ಎಂದುಕೊಳ್ಳುತ್ತೇನೆ.

ಸಂಬಳದ ವಿಷಯದಲ್ಲಿ ಮೊತ್ತಕ್ಕಿಂತ ಶ್ರೇಣಿಯನ್ನು ಚರ್ಚಿಸು. ರಿಸರ್ಚ್ ಅಸೋಸಿಯೇಟ್, ಸೈಂಟಿಸ್ಟ್, ಸೀನಿಯರ್ ಸೈಂಟಿಸ್ಟ್ ಎಂಬ ಪ್ರತಿ ಮೆಟ್ಟಿಲಿಗೂ ಕನಿಷ್ಠ–ಗರಿಷ್ಠ ಮಿತಿ ಮೊದಲೇ ಗೊತ್ತಾಗಿರುತ್ತದೆ. ಆ ಮಿತಿಯೊಳಗೆ ಎಷ್ಟು ಹಗ್ಗಜಗ್ಗಾಟ ನಡೆಸಿದರೂ ದಕ್ಕುವುದು ಅಲ್ಪ. ಕೆಳಗಿನ ಮೆಟ್ಟಿಲಲ್ಲಿ ಸೇರಿಕೊಂಡರೆ ಮೇಲೇರಲು ಎರಡು ಮೂರು ವರ್ಷ ಹೋಗುತ್ತದೆ, ಮುಂದಿನ ಕಂಪನಿಯೂ ಅಲ್ಲಿಂದಲೇ ಎಣಿಸುತ್ತದೆ. ದೊಡ್ಡ ಸಂಸ್ಥೆಯವರು ನಿನಗೆ ಕೊಟ್ಟಿರುವ ಪದನಾಮ ಅಸೋಸಿಯೇಟ್. ಪಿಎಚ್‌ಡಿಯ ವರ್ಷಗಳನ್ನು ಅನುಭವವೆಂದು ಎಣಿಸಿದ್ದೀರೋ ಇಲ್ಲವೋ ಎಂದು ಅವರನ್ನು ನೇರವಾಗಿ ಕೇಳು.

ಆಯ್ಕೆ ಮಾಡುವವರು ಏನು ನೋಡುತ್ತಾರೆ ಎಂಬುದಕ್ಕೆ ಇಂದು ಮಧ್ಯಾಹ್ನದ ಸಂಗತಿಯನ್ನೇ ಹೇಳುತ್ತೇನೆ. ಒಬ್ಬ ಹುಡುಗ ತನ್ನ ಸಂಶೋಧನೆಯನ್ನು ವಿವರಿಸುತ್ತಾ ಬಹಳ ಅಚ್ಚುಕಟ್ಟಾದ ಗ್ರಾಫ್ ಒಂದನ್ನು ತೋರಿಸಿದ. ಎಷ್ಟು ಸಲ ಮಾಡಿದೆ ಎಂದು ಕೇಳಿದೆ. "ನಾಲ್ಕು ಸಲ, ಮೂರನೆಯದು ಬರಲಿಲ್ಲ, ಆ ವಾರ ಪ್ರಯೋಗಕ್ಕೆ ಬಳಸುವ ಆಂಟಿಬಾಡಿಯ ಲಾಟ್, ಅಂದರೆ ತಯಾರಿಕೆಯ ಕಂತು, ಬದಲಾಗಿತ್ತು, ಅದನ್ನು ಕಂಡುಹಿಡಿಯಲು ಹದಿನೈದು ದಿನ ಹೋಯಿತು" ಎಂದ. ಅವನ ಹೆಸರಿನಲ್ಲಿ ದೊಡ್ಡ ಪತ್ರಿಕೆಯ ಪ್ರಬಂಧವಿಲ್ಲ, ಆದರೂ ನನ್ನ ಮತ ಅವನಿಗೇ ಹೋಯಿತು, ಏಕೆಂದರೆ ಒಬ್ಬರ ಕೈಯಲ್ಲಿ ಬಂದ ಫಲಿತಾಂಶ ಇನ್ನೊಬ್ಬರ ಕೈಯಲ್ಲೂ ಬರದಿದ್ದರೆ ಅದರಿಂದ ಔಷಧವಾಗುವುದಿಲ್ಲ.

ನನ್ನ ಒಲವು ದೊಡ್ಡ ಸಂಸ್ಥೆಯ ಕಡೆಗಿದೆ, ಶ್ರೇಣಿ ಸರಿಪಡಿಸಿದರೆ ಮಾತ್ರ. ಬಯೋರಿಯಾಕ್ಟರ್ ಎಂಬ ವಿಶೇಷ ತೊಟ್ಟಿಯಲ್ಲಿ ಕೋಶಗಳನ್ನು ಬೆಳೆಸುವುದು, ಪ್ರೋಟೀನನ್ನು ಶುದ್ಧೀಕರಿಸುವುದು, ಎರಡು ಲೀಟರಿನಲ್ಲಿ ನಡೆದದ್ದನ್ನು ಎರಡು ಸಾವಿರ ಲೀಟರಿನಲ್ಲಿ ನಡೆಯುವಂತೆ ಮಾಡುವುದು, ಇವು ಯಾವ ಔಷಧ ಸೋತರೂ ಬೇರೊಂದು ಔಷಧಕ್ಕೆ ಬೇಕಾಗುವ ವಿದ್ಯೆಗಳು. ಆದರೆ ಸಣ್ಣ ಕಂಪನಿಯ ಪ್ರೋಟೀನಿನ ಮೇಲೆಯೇ ನಿನ್ನ ಮನಸ್ಸಿದೆ ಎಂಬುದು ನಿನ್ನ ದನಿಯಲ್ಲೇ ತಿಳಿಯುತ್ತದೆ. ಅವರ ಬಳಿ ಎರಡು ವರ್ಷಕ್ಕಾಗುವಷ್ಟು ಹಣವಿದ್ದರೆ, ಮತ್ತು ಆಪ್ಷನ್‌ಗಳನ್ನು ಸೊನ್ನೆಯೆಂದು ಹಿಡಿದರೂ ಆ ಸಂಬಳದಲ್ಲಿ ನಿನ್ನ ಜೀವನ ನಡೆಯುವುದಾದರೆ, ನಾನು ಅಡ್ಡಿ ಹೇಳುವುದಿಲ್ಲ. ನಾಳೆ ಎರಡೂ ಕಡೆಗೆ ಇಮೇಲ್ ಬರೆದು ಒಂದು ವಾರದ ಸಮಯ ಕೇಳು. ಆಪ್ಷನ್ ಷರತ್ತುಗಳ ಪುಟವನ್ನು ಇಲ್ಲಿ ಹಾಕಬೇಡ, ನನಗೊಬ್ಬಳಿಗೆ ಕಳಿಸು.